ಬಾಯಿಯ ದೂರು ಕೇಳುವವರು ಯಾರು? ಜಿಪಿ - ಡೆಂಟಿಸ್ಟ್ ನಡುವೆ ಸಿಕ್ಕಿಬಿದ್ದ ಬ್ರಿಟನ್ ಕನ್ನಡಿಗರು

2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಜಿಪಿ ಸರ್ಜರಿಗಳಿಗೆ ಹೊಸದೊಂದು ಸೂಚನೆ ಹೋಯಿತು. ಅದರ ಹೆಸರು ‘ಜೆಸ್ ನಿಯಮ’. ಹೆಸರು ಪುಟ್ಟದು, ಅದರ ಹಿಂದಿನ ಕಥೆ ಮಾತ್ರ ಕರುಳು ಹಿಂಡುವಂಥದ್ದು. ಜೆಸಿಕಾ ಬ್ರೇಡಿ ಎಂಬ 27 ವರ್ಷದ ಇಂಜಿನಿಯರ್ ತಮಗೆ ಹುಷಾರಿಲ್ಲವೆಂದು ಕೆಲವೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ತಮ್ಮ ಸರ್ಜರಿಯನ್ನು ಸಂಪರ್ಕಿಸಿದ್ದರು. ಕಡೆಗೆ ಗೊತ್ತಾಗಿದ್ದು ನಾಲ್ಕನೇ ಹಂತದ ಕ್ಯಾನ್ಸರ್. 2020ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ತಂದೆ ತಾಯಿ ಪಟ್ಟುಬಿಡದೆ ಹೋರಾಡಿದ್ದರ ಫಲವೇ ಈ ನಿಯಮ. ಒಬ್ಬ ರೋಗಿ ಒಂದೇ ದೂರನ್ನು ಹೊತ್ತು ಮೂರು ಸಲ ಬಂದರೆ, ಇಲ್ಲವೇ ದೂರು ಹೆಚ್ಚುತ್ತಾ ಹೋದರೆ, ವೈದ್ಯರು ಹಳೆಯ ತೀರ್ಮಾನವನ್ನು ಪಕ್ಕಕ್ಕಿಟ್ಟು ಮೊದಲಿಂದ ಯೋಚಿಸಬೇಕು. ಎದುರು ಕೂರಿಸಿ ಪರೀಕ್ಷೆ ಮಾಡಬೇಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬೇಕು, ಬೇಕಾದರೆ ತಜ್ಞರಿಗೆ ಕಳಿಸಬೇಕು. ಇಷ್ಟೇ ಅದರ ಸಾರಾಂಶ.

ಈ ಸುದ್ದಿ ಬಂದಾಗ ನಮಗೆ ಮೊದಲು ನೆನಪಾದದ್ದು ನಮ್ಮವರ ಬಾಯಿಯ ತೊಂದರೆಗಳು. ಆಶ್ಚರ್ಯವಾಯಿತೇ? ಯಾವ ಕನ್ನಡ ಕೂಟಕ್ಕೇ ಹೋಗಿ, ಊಟದ ಸಾಲಿನಲ್ಲಿ ನಿಂತವರ ಮಾತಿಗೆ ಸ್ವಲ್ಪ ಕಿವಿಗೊಡಿ. “ಕೆನ್ನೆ ಒಳಗೆ ಹುಣ್ಣು, ತಿಂಗಳಾಯ್ತು ಮಾಯ್ತಾ ಇಲ್ಲ, ಜಿಪಿ ಡೆಂಟಿಸ್ಟ್ ಹತ್ರ ಹೋಗಿ ಅಂದ್ರು.” “ಡೆಂಟಿಸ್ಟ್ ಹಲ್ಲು ಚೆನ್ನಾಗಿದೆ, ಜಿಪಿ ಹತ್ರ ಹೋಗಿ ಅಂದ್ರು.” “ನಾಲಿಗೆ ಉರಿ ಅಂದ್ರೆ ಖಾರ ಕಮ್ಮಿ ತಿನ್ನಿ ಅಂತಾರೆ, ಇದೇನು ಹೊಸ ವಿಷಯವಾ?” ಇಂಥ ಮಾತುಗಳು ಕಿವಿಗೆ ಬೀಳದ ಕೂಟವೇ ಇಲ್ಲ. ನಕ್ಕು ಮರೆಯುವ ಮಾತುಗಳಂತೆ ಕಂಡರೂ ಇವುಗಳಲ್ಲಿ ಕೆಲವು ಜೀವದ ಪ್ರಶ್ನೆಗಳು.

ವೈದ್ಯರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆ ನಮಗೆ ಬೇಡ. ನಮ್ಮ ಸಮುದಾಯದಲ್ಲೇ ಎನ್‌ಎಚ್‌ಎಸ್ ವೈದ್ಯರು ಬೇಕಾದಷ್ಟು ಜನ ಇದ್ದಾರೆ, ಅವರ ದುಡಿಮೆ ಎಂಥದ್ದೆಂದು ನಮಗೆ ಗೊತ್ತು. ಬಾಯಿಯ ದೂರು ಹೊತ್ತು ಹೋದವರಿಗೆ “ನನ್ನ ಮಾತು ಯಾರೂ ಕೇಳಲಿಲ್ಲ” ಅನ್ನಿಸುವುದು ಯಾಕೆ, ಅದರಲ್ಲೂ ನಮ್ಮಂಥವರಿಗೆ ಯಾಕೆ ಹೆಚ್ಚು ಅನ್ನಿಸುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

ಮೂರು ವರ್ಷಕ್ಕೊಂದು ಕೇಸು

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಬ್ರಿಟನ್ನಿನಲ್ಲಿ ಬಾಯಿ ಮತ್ತು ಗಂಟಲಿನ ಮೇಲ್ಭಾಗದ ಕ್ಯಾನ್ಸರ್ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನರಲ್ಲಿ ಪತ್ತೆಯಾಗುತ್ತಿದೆ. ದೇಶದ ಜನಸಂಖ್ಯೆ ಏಳು ಕೋಟಿಗೆ ಹತ್ತಿರ. ಅಂದರೆ ಸುಮಾರು ಏಳು ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬರಿಗೆ. ಒಬ್ಬ ಜಿಪಿಯ ಪಾಲಿಗೆ ಬರುವ ರೋಗಿಗಳು ಎರಡು ಸಾವಿರದ ಆಸುಪಾಸು ಎಂದಿಟ್ಟುಕೊಂಡರೆ, ಇಂಥ ಒಂದು ಕೇಸು ಅವರ ಕಣ್ಣಿಗೆ ಬೀಳುವುದು ಮೂರು ವರ್ಷಕ್ಕೊಮ್ಮೆ! ಈ ನಡುವೆ ಅವರು ನೋಡುವ ಮಾಮೂಲಿ ಬಾಯಿಹುಣ್ಣುಗಳಿಗೆ ಲೆಕ್ಕವೇ ಇಲ್ಲ. ಅವುಗಳಲ್ಲಿ ಹೆಚ್ಚಿನವು ಹತ್ತು ಹದಿನಾಲ್ಕು ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ. ಹೀಗಿರುವಾಗ ಹತ್ತು ನಿಮಿಷದ ಭೇಟಿಯಲ್ಲಿ “ಚಿಂತೆ ಬೇಡ, ಈ ಜೆಲ್ ಹಚ್ಚಿ” ಎಂದು ವೈದ್ಯರು ಹೇಳಿದರೆ ಅದು ಬಹುಪಾಲು ಸಲ ಸರಿಯೇ ಆಗಿರುತ್ತದೆ. ತೊಂದರೆ ಇರುವುದು ಉಳಿದ ಸಲಗಳಲ್ಲಿ.

ಇದರ ಜೊತೆಗೆ ಫೋನ್ ಸಮಾಲೋಚನೆ ಬೇರೆ. ಕೋವಿಡ್ ನಂತರ ಇದು ಮಾಮೂಲಾಗಿದೆ. ಶೀತ, ನೆಗಡಿ, ಬಿಪಿ ಮಾತ್ರೆಗೆ ಫೋನು ಸಾಕು. ಬಾಯಿಯ ಒಳಗಿರುವುದು ಫೋನಿನಲ್ಲಿ ಕಾಣುವುದಾದರೂ ಹೇಗೆ? ನಾಲಿಗೆಯ ಪಕ್ಕ, ನಾಲಿಗೆಯ ಅಡಿ, ಕೆನ್ನೆಯ ಒಳಮೈ ಇವೆಲ್ಲವನ್ನೂ ಬೆಳಕು ಬಿಟ್ಟು ನೋಡಬೇಕು, ಬೆರಳಿನಿಂದ ಮುಟ್ಟಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು.

ಬಾಯಿ ಯಾರ ಸ್ವತ್ತು?

ಕಾಲಿಗೆ ಗಾಯವಾದರೆ ಜಿಪಿ, ಹೊಟ್ಟೆ ನೋವಾದರೆ ಜಿಪಿ. ಬಾಯಿಗೆ ಬಂದರೆ ಮಾತ್ರ “ಡೆಂಟಿಸ್ಟ್ ಹತ್ತಿರ ಹೋಗಿ.” ದೇಹದ ಈ ಒಂದು ಭಾಗ ಬೇರೆಯಾದದ್ದು ಹೇಗೆ? ಇದು ಹಳೆಯ ಕಥೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ದಂತವೈದ್ಯ ಕಾಲೇಜು ಶುರುವಾದಾಗಿನಿಂದ ಹಲ್ಲಿನ ವೈದ್ಯರದ್ದು ಬೇರೆ ಓದು, ಬೇರೆ ಪದವಿ. 1948ರಲ್ಲಿ ಎನ್‌ಎಚ್‌ಎಸ್ ಆರಂಭವಾದಾಗ ಹಲ್ಲಿನ ಚಿಕಿತ್ಸೆಯೂ ಪುಕ್ಕಟೆ ಎಂದೇ ಇತ್ತು. ಮೂರೇ ವರ್ಷ! 1951ರಲ್ಲಿ ಕಟ್ಟುಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಸರ್ಕಾರ ಹೊರಟಾಗ, ಎನ್‌ಎಚ್‌ಎಸ್ ಕಟ್ಟಿದ ಅನ್ಯೂರಿನ್ ಬೆವನ್ ಅವರೇ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅಲ್ಲಿಂದ ಮುಂದೆ ಹಲ್ಲಿನ ಚಿಕಿತ್ಸೆ ಒಂದು ಹೆಜ್ಜೆ ಹೊರಗೇ ನಿಂತಿದೆ.

ಇಂಗ್ಲೆಂಡಿನಲ್ಲಿ 2006ರಲ್ಲಿ ಡೆಂಟಿಸ್ಟರಿಗೆ ಹೊಸ ಒಪ್ಪಂದ ಬಂತು. ಮಾಡಿದ ಕೆಲಸವನ್ನು ‘ಯೂನಿಟ್’ ಲೆಕ್ಕದಲ್ಲಿ ಅಳೆದು ಹಣ ಕೊಡುವ ಪದ್ಧತಿ ಅದು. ಆಮೇಲೆ ತಿದ್ದುಪಡಿಗಳು ಬಂದರೂ ದಂತವೈದ್ಯರ ಅಸಮಾಧಾನ ಹೋಗಲಿಲ್ಲ. ಬಹಳಷ್ಟು ಮಂದಿ ಖಾಸಗಿಯತ್ತ ಮುಖ ಮಾಡಿದರು. 2022ರಲ್ಲಿ ಬಿಬಿಸಿ ದೇಶದ ಸುಮಾರು ಏಳು ಸಾವಿರ ದಂತ ಚಿಕಿತ್ಸಾಲಯಗಳನ್ನು ವಿಚಾರಿಸಿದಾಗ, ಹತ್ತರಲ್ಲಿ ಒಂಬತ್ತು ಕಡೆ ಹೊಸ ವಯಸ್ಕ ರೋಗಿಗಳನ್ನು ಎನ್‌ಎಚ್‌ಎಸ್ ಅಡಿಯಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಎನ್‌ಎಚ್‌ಎಸ್ ರೋಗಿಗಳನ್ನು ತೆಗೆದುಕೊಳ್ಳುವ ಡೆಂಟಿಸ್ಟ್ ಬಾಗಿಲು ತೆರೆದಾಗ ನೂರಾರು ಜನ ರಸ್ತೆಯುದ್ದಕ್ಕೂ ಸಾಲು ನಿಂತರು, ಪೊಲೀಸರೇ ಬರಬೇಕಾಯಿತು. ನಮ್ಮೂರಿನ ರೇಷನ್ ಅಂಗಡಿ ನೆನಪಾಗುವಂಥ ಆ ಚಿತ್ರವನ್ನು ನೀವೂ ಟಿವಿಯಲ್ಲಿ ನೋಡಿರಬಹುದು.

ಈಗ ಎರಡನ್ನೂ ಜೋಡಿಸಿ ನೋಡಿ. ಬಾಯಿ ತನ್ನ ವಿಷಯವಲ್ಲ ಎಂದು ಜಿಪಿ ಕಳಿಸುತ್ತಾರೆ, ಕಳಿಸಿದ ಕಡೆ ಬಾಗಿಲು ಮುಚ್ಚಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವುದು ಇದಕ್ಕೇ. ಯಾರೂ ಬಾಯಿ ಬಿಟ್ಟು “ಹೋಗಯ್ಯಾ” ಎಂದಿಲ್ಲ. ಆದರೂ ರೋಗಿ ಮನೆಗೆ ಬರುವುದು ಬರಿಗೈಯಲ್ಲಿ.

ಮೂರು ವಾರದ ಗೆರೆ

ಹಾಗೆಂದು ನಿಯಮಗಳೇ ಇಲ್ಲವೆಂದಲ್ಲ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ‘ನೈಸ್’ ಸಂಸ್ಥೆ 2015ರಲ್ಲಿ ಕ್ಯಾನ್ಸರ್ ಶಂಕೆಯ ಬಗ್ಗೆ ಹೊರತಂದ ಸೂಚನೆಯಲ್ಲಿ ಬಾಯಿಯ ಬಗ್ಗೆಯೂ ಸ್ಪಷ್ಟವಾಗಿ ಹೇಳಿದೆ. ಕಾರಣ ತಿಳಿಯದ ಹುಣ್ಣು ಬಾಯಿಯಲ್ಲಿ ಮೂರು ವಾರ ಮೀರಿ ಉಳಿದರೆ, ಅಥವಾ ಕತ್ತಿನಲ್ಲಿ ಕಾರಣವಿಲ್ಲದ ಗಂಟು ಹೋಗದೆ ಉಳಿದರೆ, ಆಸ್ಪತ್ರೆಗೆ ತುರ್ತು ರೆಫರಲ್ ಮಾಡುವುದನ್ನು ಯೋಚಿಸಬೇಕು. ತುಟಿಯಲ್ಲೋ ಬಾಯಿಯಲ್ಲೋ ಗಂಟು ಇದ್ದರೆ, ಕೆಂಪು ಅಥವಾ ಕೆಂಪು-ಬಿಳಿ ಮಚ್ಚೆ ಇದ್ದರೆ, ಎರಡು ವಾರದೊಳಗೆ ಡೆಂಟಿಸ್ಟ್ ನೋಡುವಂತೆ ಕಳಿಸುವುದನ್ನು ಯೋಚಿಸಬೇಕು.

ಗಮನಿಸಿದಿರಾ? ಹುಣ್ಣಿಗೆ ಒಂದು ದಾರಿ, ಮಚ್ಚೆಗೆ ಇನ್ನೊಂದು ದಾರಿ. ಎರಡನೆಯ ದಾರಿ ಹಾಯುವುದು ಡೆಂಟಿಸ್ಟರ ಬಾಗಿಲಿನಿಂದಲೇ. ಡೆಂಟಿಸ್ಟ್ ಸಿಗುವ ಊರಿನಲ್ಲಿ ಇದು ಒಳ್ಳೆಯ ನಿಯಮ. ಬಾಯಿ ನೋಡುವುದರಲ್ಲಿ ಅವರ ಕಣ್ಣು ಪಳಗಿರುತ್ತದೆ, ಅವರೇ ನೇರವಾಗಿ ಆಸ್ಪತ್ರೆಗೆ ತುರ್ತು ರೆಫರಲ್ ಮಾಡಬಲ್ಲರು. ಸಿಗದ ಊರಿನಲ್ಲಿ ಅದೇ ನಿಯಮ ಗೋಡೆಯಾಗುತ್ತದೆ.

ಒಮ್ಮೆ ತುರ್ತು ರೆಫರಲ್ ಆಯಿತೆಂದರೆ ಮುಂದಿನ ಗಾಡಿ ಪರವಾಗಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ‘ಎರಡು ವಾರದ’ ಗುರಿಯ ಬದಲಿಗೆ 2023ರ ಅಕ್ಟೋಬರ್‌ನಿಂದ 28 ದಿನದ ಗುರಿ ಇದೆ. ಅಷ್ಟರೊಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ರೋಗಿಗೆ ತಿಳಿಸಬೇಕು. ಎಲ್ಲರಿಗೂ ಅಷ್ಟರೊಳಗೆ ತಿಳಿಯುತ್ತದೆ ಎಂದೇನಲ್ಲ, ಆದರೂ ಗಡಿಯಾರ ಓಡಲು ಶುರುವಾಗಿರುತ್ತದೆ. ಕಷ್ಟವಿರುವುದು ಆ ಗಡಿಯಾರಕ್ಕೆ ಕೀಲಿ ಕೊಡಿಸುವುದರಲ್ಲಿ.

ಖಾರ ತಡೆಯದ ನಾಲಿಗೆ

ಇಲ್ಲಿಯವರೆಗೆ ಹೇಳಿದ್ದು ಬ್ರಿಟನ್ನಿನ ಎಲ್ಲರಿಗೂ ಅನ್ವಯಿಸುತ್ತದೆ. ಇನ್ನು ಮುಂದಿನದು ವಿಶೇಷವಾಗಿ ನಮ್ಮದು.

ಒಬ್ಬ ಕನ್ನಡಿಗ ಜಿಪಿಯ ಎದುರು ಕೂತು “ಊಟ ಮಾಡಿದರೆ ಬಾಯಿ ಉರಿಯುತ್ತೆ, ಖಾರ ತಡೆಯೋಕಾಗಲ್ಲ” ಅನ್ನುತ್ತಾರೆ ಎಂದುಕೊಳ್ಳಿ. ಖಾರವೆಂದರೆ ಕಾಳುಮೆಣಸಿನ ಪುಡಿ ಮಾತ್ರ ಗೊತ್ತಿರುವ ವೈದ್ಯರಿಗೆ ಇದು ಸಹಜವಾಗಿಯೇ ಕಾಣುತ್ತದೆ. ಖಾರ ತಿಂದರೆ ಉರಿಯದೆ ಇನ್ನೇನು? “ಖಾರ ಬಿಡಿ” ಎಂಬ ಉತ್ತರ ಬರುತ್ತದೆ. ಆದರೆ ಹುಟ್ಟಿದಾಗಿನಿಂದ ಬ್ಯಾಡಗಿ ಮೆಣಸಿನಕಾಯಿಯ ಸಾರು, ಗುಂಟೂರು ಮೆಣಸಿನ ಚಟ್ನಿಪುಡಿ ತಿಂದು ಬೆಳೆದ ನಾಲಿಗೆ ಐವತ್ತನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಖಾರಕ್ಕೆ ಹೆದರುತ್ತದೆ ಎಂದರೆ ಅದು ಸಹಜವಲ್ಲ, ಅದೊಂದು ರೋಗಲಕ್ಷಣ!

ಅಡಿಕೆ ಜಗಿಯುವವರಲ್ಲಿ ಕಾಣಿಸಿಕೊಳ್ಳುವ ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಒಂದು ಇದೇ: ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಮೈ ಬಿಳಿಚಿಕೊಳ್ಳುತ್ತದೆ, ಚರ್ಮದಡಿ ದಾರದಂಥ ಪಟ್ಟಿಗಳು ಗಟ್ಟಿಯಾಗುತ್ತವೆ, ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. 1952ರಲ್ಲಿ ಇದನ್ನು ಮೊದಲು ವರದಿ ಮಾಡಿದ್ದು ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಹೆಂಗಸರಲ್ಲಿ. ಅಂದರೆ ವೈದ್ಯಕೀಯ ಲೋಕಕ್ಕೆ ಈ ಕಾಯಿಲೆ ಪರಿಚಯವಾಗಿದ್ದೇ ನಮ್ಮಂತೆ ಊರು ಬಿಟ್ಟು ಹೋದವರ ಬಾಯಿಂದ! ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆ ಇದ್ದವರನ್ನು 17 ವರ್ಷ ಬೆನ್ನುಹತ್ತಿ ನೋಡಿದ, 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಕ್ಯಾನ್ಸರ್ ಬಂದಿತ್ತು.

ಹಾಗಾಗಿ “ಖಾರ ಬಿಡಿ” ಎಂಬ ಸಲಹೆ ನಮ್ಮ ವಿಷಯದಲ್ಲಿ ಲಕ್ಷಣವನ್ನೇ ಮುಚ್ಚಿಹಾಕುವ ಸಲಹೆಯಾಗುತ್ತದೆ. ಖಾರ ಬಿಟ್ಟರೆ ಉರಿ ನಿಲ್ಲುತ್ತದೆ, ರೋಗಿ ವಾಪಸ್ ಹೋಗುವುದಿಲ್ಲ. ಜೆಸ್ ನಿಯಮದ ಮೂರನೇ ಭೇಟಿ ಬರುವುದೇ ಇಲ್ಲ!

ಅಡಿಕೆಯ ಮುಜುಗರ

ಅಡಿಕೆಯ ಮಾತು ಬಂತಲ್ಲ, ನೇರವಾಗಿಯೇ ಹೇಳಿಬಿಡೋಣ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಶಿರಸಿ, ಪುತ್ತೂರು, ಚನ್ನಗಿರಿ ಕಡೆಯ ಎಷ್ಟೋ ಮಕ್ಕಳು ಇಲ್ಲಿಗೆ ಬಂದು ಓದಿದ್ದೇ ಅಡಿಕೆ ತೋಟದ ದುಡ್ಡಿನಲ್ಲಿ. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ಹಾಗಾಗಿ ಈ ವಿಷಯ ಎತ್ತಿದರೆ ಕೆಲವರಿಗೆ ಕಸಿವಿಸಿ, ಕೆಲವರಿಗೆ ಕೋಪ. ಬೆಳೆಗಾರರ ಆತಂಕ ನಮಗೂ ಅರ್ಥವಾಗುತ್ತದೆ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಸಭೆ ಸೇರಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದೇ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಪ್ರಪಂಚದಾದ್ಯಂತ ಪತ್ತೆಯಾದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1 ಲಕ್ಷ 20 ಸಾವಿರಕ್ಕೆ, ಅಂದರೆ ಮೂರರಲ್ಲಿ ಒಂದರಷ್ಟಕ್ಕೆ, ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ ಭಾರತದ ಪಾಲೇ 83 ಸಾವಿರಕ್ಕೂ ಹೆಚ್ಚು. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ಇದಕ್ಕೂ ಬ್ರಿಟನ್ನಿನ ಜಿಪಿ ಕೊಠಡಿಗೂ ಏನು ಸಂಬಂಧ? ಇದೆ. ಇಲ್ಲಿನ ವೈದ್ಯರು “ಸಿಗರೇಟು ಸೇದುತ್ತೀರಾ? ಎಷ್ಟು ಕುಡಿಯುತ್ತೀರಾ?” ಎಂದು ತಪ್ಪದೆ ಕೇಳುತ್ತಾರೆ. ನಮ್ಮ ಹಿರಿಯರು ಹೆಮ್ಮೆಯಿಂದ “ಎರಡೂ ಇಲ್ಲ” ಅನ್ನುತ್ತಾರೆ. ಸುಳ್ಳಲ್ಲ, ಅಪ್ಪಟ ಸತ್ಯ. ಆದರೆ ಆ ಒಂದು ಉತ್ತರದಿಂದ ವೈದ್ಯರ ಮನಸ್ಸಿನಲ್ಲಿ ಅವರು ‘ಅಪಾಯವಿಲ್ಲದವರ’ ಪಟ್ಟಿಗೆ ಸೇರಿಬಿಡುತ್ತಾರೆ. ದಿನಕ್ಕೆ ನಾಲ್ಕು ಸಲ ಕವಳ ಹಾಕುವ ವಿಷಯ, ಊರಿನಿಂದ ತರಿಸಿಕೊಳ್ಳುವ ಸಿಹಿ ಅಡಿಕೆಯ ಪೊಟ್ಟಣದ ವಿಷಯ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ವೈದ್ಯರು ಕೇಳದಿದ್ದರೆ ನಾವೇ ಹೇಳಬೇಕು. ನಾಚಿಕೆಪಡುವಂಥದ್ದು ಇದರಲ್ಲಿ ಏನಿದೆ?

ಇನ್ನೊಂದು ಮಾತು. ಅಡಿಕೆ, ತಂಬಾಕು, ಮದ್ಯ ಯಾವುದನ್ನೂ ಮುಟ್ಟದವರು ನಿಶ್ಚಿಂತೆಯಿಂದ ಇರಬಹುದೆಂದಲ್ಲ. ಗಂಟಲಿನ ಭಾಗದ ಕ್ಯಾನ್ಸರ್‌ಗೆ ಎಚ್‌ಪಿವಿ ಎಂಬ ವೈರಸ್ಸೂ ಕಾರಣವಾಗುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ 2019ರ ಸೆಪ್ಟೆಂಬರ್‌ನಿಂದ ಗಂಡು ಮಕ್ಕಳಿಗೂ ಇದರ ಲಸಿಕೆ ಹಾಕುತ್ತಿರುವುದಕ್ಕೆ ಇದೂ ಒಂದು ಕಾರಣ. ಶಾಲೆಯಿಂದ ಒಪ್ಪಿಗೆ ಪತ್ರ ಬಂದರೆ ಬದಿಗಿಡಬೇಡಿ.

ಮನೆಯಲ್ಲೇ ಶುರುವಾಗುವ ಉಪೇಕ್ಷೆ

ಬರೀ ವೈದ್ಯರನ್ನು ದೂರಿದರೆ ಅರ್ಧ ಸತ್ಯ ಹೇಳಿದಂತೆ. ಬಾಯಿಹುಣ್ಣು ಅಂದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ತೀರ್ಪು ಯಾವುದು? “ಉಷ್ಣ ಆಗಿದೆ!” ಎಳನೀರು ಕುಡಿ, ಕೊಬ್ಬರಿ ಅಗಿ, ತುಪ್ಪ ಸವರು, ಬಿ-ಕಾಂಪ್ಲೆಕ್ಸ್ ನುಂಗು. ಮಾಮೂಲಿ ಹುಣ್ಣಿಗೆ ಇದರಿಂದ ನಷ್ಟವೇನಿಲ್ಲ. ಆದರೆ ಮಾಯದ ಹುಣ್ಣಿಗೆ ಒಂದು ಮದ್ದು ಮುಗಿದ ಮೇಲೆ ಇನ್ನೊಂದು ಮದ್ದು ಎಂದು ಆರೆಂಟು ವಾರ ಕಳೆದಿರುತ್ತದೆ. ಮೇಲಾಗಿ ಈ ಕ್ಯಾನ್ಸರ್‌ನ ದೊಡ್ಡ ಮೋಸವೆಂದರೆ ಶುರುವಿನಲ್ಲಿ ಅದು ನೋಯುವುದೇ ಇಲ್ಲ, ಅಥವಾ ಬಹಳ ಕಡಿಮೆ. “ನೋವಿಲ್ಲವಲ್ಲ, ಬಿಡು” ಎಂದು ನಾವೇ ಹೇಳಿಕೊಳ್ಳುತ್ತೇವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆಯೇ.

ಕ್ಯಾನ್ಸರ್ ಅಲ್ಲದ ನೋವೂ ನೋವೇ

ಇದನ್ನೆಲ್ಲ ಓದಿ ಯಾರೂ ಗಾಬರಿಯಾಗುವುದು ಬೇಡ. ಬಾಯಿಯ ದೂರುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ “ಕ್ಯಾನ್ಸರ್ ಅಲ್ಲ” ಎಂದ ಮಾತ್ರಕ್ಕೆ “ಏನೂ ಇಲ್ಲ” ಎಂದು ಅರ್ಥವೇ?

ಉದಾಹರಣೆಗೆ, ಋತುಬಂಧದ ಆಸುಪಾಸಿನ ಹೆಂಗಸರನ್ನು ಹೆಚ್ಚಾಗಿ ಕಾಡುವ ‘ಬರ್ನಿಂಗ್ ಮೌತ್ ಸಿಂಡ್ರೋಮ್’. ನಾಲಿಗೆಗೆ ಬಿಸಿ ಕಾಫಿ ಸುಟ್ಟಂಥ ಉರಿ, ತಿಂಗಳುಗಟ್ಟಲೆ. ಬಾಯಿ ತೆರೆದು ನೋಡಿದರೆ ಏನೂ ಕಾಣುವುದಿಲ್ಲ. ಕಾಣದ್ದರಿಂದ “ಟೆನ್ಷನ್ ಮಾಡಿಕೊಳ್ಳಬೇಡಿ” ಎಂಬ ಮಾತು ವೈದ್ಯರಿಂದ, ಕೆಲವೊಮ್ಮೆ ಗಂಡನಿಂದಲೂ! ಇದು ಕಲ್ಪನೆಯ ಕಾಯಿಲೆಯಲ್ಲ. ಹೆಸರಿದೆ, ಉಪಶಮನದ ದಾರಿಗಳೂ ಇವೆ. ಆದರೆ ಆ ಹೆಸರು ಇಡುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಬೇಕು: ಕಬ್ಬಿಣದ ಅಂಶ, ಬಿ-12, ಫೋಲೇಟ್, ಸಕ್ಕರೆ ಕಾಯಿಲೆ, ಥೈರಾಯ್ಡ್, ಶಿಲೀಂಧ್ರದ ಸೋಂಕು, ಬಾಯಿ ಒಣಗಿಸುವ ಮಾತ್ರೆಗಳು. ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು, ಬಿ-12 ಕೊರತೆ ಸಾಮಾನ್ಯ. ಅದೊಂದರಿಂದಲೇ ನಾಲಿಗೆ ಕೆಂಪಾಗಿ ಉರಿಯುವುದು, ಮತ್ತೆ ಮತ್ತೆ ಹುಣ್ಣಾಗುವುದು ಇದೆ. ರಕ್ತಪರೀಕ್ಷೆ ಒಂದನ್ನು ಕೇಳಿ ಪಡೆಯುವುದು ಅತಿಯಾಸೆಯೇನಲ್ಲ.

ಟಾರ್ಚ್ ಬೆಳಕಿನ ಪಾಠ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಭರವಸೆಯ ಸುದ್ದಿ. ಅದು ನಮ್ಮ ಪಕ್ಕದ ರಾಜ್ಯದ್ದು. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ಡಾಕ್ಟರುಗಳಲ್ಲ, ಮನೆ ಮನೆಗೆ ಹೋಗಿ ಬೆಳಕು ಬಿಟ್ಟು ಜನರ ಬಾಯಿ ನೋಡಿದರು. ಉಳಿದ ಕಡೆ ಎಂದಿನ ವ್ಯವಸ್ಥೆ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲ, ಸ್ಕ್ಯಾನ್ ಇಲ್ಲ. ಬಾಯಿ ತೆರೆಸಿ ನೋಡಿದ್ದಷ್ಟೇ!

ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಬೇಕೆಂದು ಇದೆ. ಎಲ್ಲ ಕಡೆ ನಡೆಯುತ್ತಿದೆಯೇ ಎಂಬುದು ಬೇರೆ ಮಾತು. ಬ್ರಿಟನ್ನಿನಲ್ಲಿ ಸ್ತನ, ಗರ್ಭಕೊರಳು, ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಗೆ ಮನೆಗೇ ಪತ್ರ ಬರುತ್ತದೆ. ಬಾಯಿಗೆ ಅಂಥ ರಾಷ್ಟ್ರೀಯ ತಪಾಸಣೆ ಇಲ್ಲ. ಹಲ್ಲು ತೋರಿಸಲು ಹೋದಾಗ ಡೆಂಟಿಸ್ಟ್ ನೋಡಿದರೆ ಉಂಟು. ಡೆಂಟಿಸ್ಟೇ ಸಿಗದವರ ಬಾಯಿ ನೋಡುವವರು ಯಾರು? ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ ಇದು. ಜೆಸ್ ನಿಯಮವನ್ನು ಬರೆದದ್ದು ಜಿಪಿಗಳಿಗಾಗಿ. ಜಿಪಿಯಿಂದ ಡೆಂಟಿಸ್ಟಿಗೆ, ಡೆಂಟಿಸ್ಟಿನಿಂದ ಜಿಪಿಗೆ ಅಲೆಯುವ ರೋಗಿಯ ಮೂರು ಭೇಟಿಗಳು ಎರಡು ಬೇರೆ ಬೇರೆ ಕಡತಗಳಲ್ಲಿ ಹಂಚಿಹೋಗಿರುತ್ತವೆ. ಆ ಮೂರನ್ನು ಕೂಡಿಸಿ ಎಣಿಸುವವರು ಯಾರೂ ಇಲ್ಲ, ರೋಗಿಯ ಹೊರತು.

ಹಾಗಾದರೆ ಏನು ಮಾಡೋಣ?

ವ್ಯವಸ್ಥೆ ಬದಲಾಗುವವರೆಗೆ ಕೈಕಟ್ಟಿ ಕೂರಲಾಗದು. ನಮ್ಮ ಬಳಗದ ವೈದ್ಯರೂ ದಂತವೈದ್ಯರೂ ಆಗಾಗ ಹೇಳುವ ಕೆಲವು ಮಾತುಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ತಾರೀಖು ಬರೆದಿಡಿ. “ಬಹಳ ದಿನದಿಂದ” ಅನ್ನುವುದಕ್ಕಿಂತ “ಈ ತಿಂಗಳ 4ರಂದು ಕಂಡೆ, ಇಂದಿಗೆ ಮೂರು ವಾರ ದಾಟಿದೆ” ಎನ್ನುವ ಮಾತಿಗೆ ತೂಕ ಹೆಚ್ಚು. ಸರ್ಜರಿಯ ರಿಸೆಪ್ಷನ್ನಿನಲ್ಲೂ ಇದನ್ನೇ ಹೇಳಿ, ಆನ್‌ಲೈನ್ ಅರ್ಜಿಯಲ್ಲೂ ಇದನ್ನೇ ಬರೆಯಿರಿ. ಒಳ್ಳೆಯ ಬೆಳಕಿನಲ್ಲಿ ಮೊಬೈಲ್‌ನಿಂದ ವಾರಕ್ಕೊಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಫೋನಿನಲ್ಲಿ ಮುಗಿಸಲು ಹೊರಟರೆ, “ಇದನ್ನು ಎದುರಿಗೇ ನೋಡಬೇಕು” ಎಂದು ವಿನಯದಿಂದಲೇ, ಆದರೆ ಗಟ್ಟಿಯಾಗಿ ಕೇಳಿ. ಒಬ್ಬರು ನೋಡಿ ಸಮಾಧಾನವಾಗದಿದ್ದರೆ ಅದೇ ಸರ್ಜರಿಯ ಇನ್ನೊಬ್ಬ ಜಿಪಿಯನ್ನು ಕೇಳಬಹುದು. ಎಷ್ಟನೇ ಸಲ ಬಂದಿದ್ದೀರಿ ಎಂಬುದನ್ನೂ, ನಡುವೆ ಡೆಂಟಿಸ್ಟ್ ಏನೆಂದರು ಎಂಬುದನ್ನೂ ನೀವೇ ಹೇಳಿ. ಇಂಗ್ಲಿಷ್ ತೊಡಕಾಗುವ ಹಿರಿಯರಿಗೆ ದುಭಾಷಿ ಬೇಕೆಂದು ಮೊದಲೇ ತಿಳಿಸಬಹುದು, ಅದಕ್ಕೆ ಹಣ ಕೊಡಬೇಕಿಲ್ಲ.

ಅಡಿಕೆ, ಪಾನ್ ಮಸಾಲಾ, ಕಡ್ಡಿಪುಡಿ ಯಾವುದೇ ಇರಲಿ, ಈಗ ಬಿಟ್ಟಿದ್ದರೂ ಸರಿ, ಎಷ್ಟು ವರ್ಷ ಜಗಿದಿರಿ ಎಂದು ಹೇಳಿ. “ಖಾರ ಉರಿಯುತ್ತೆ” ಅನ್ನುವ ಬದಲು “ಮೊದಲು ತಡೆಯುತ್ತಿದ್ದ ಖಾರ ಈಗ ತಡೆಯುತ್ತಿಲ್ಲ” ಎಂದು ಹೇಳಿ. ಈ ‘ಮೊದಲು’ ಮತ್ತು ‘ಈಗ’ ಎಂಬ ಎರಡು ಪದಗಳಲ್ಲೇ ಎಲ್ಲವೂ ಇದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುತ್ತವೆಯೇ ನೋಡಿಕೊಳ್ಳಿ. ಮುಂಚೆ ಹೋಗುತ್ತಿದ್ದವು, ಈಗ ಹೋಗುತ್ತಿಲ್ಲವೆಂದರೆ ಅದನ್ನೂ ತಿಳಿಸಿ.

ಇಂಗ್ಲೆಂಡಿನಲ್ಲಿ ಡೆಂಟಿಸ್ಟರ ಹತ್ತಿರ ಜಿಪಿಯಂತೆ ವಿಳಾಸಕ್ಕೆ ತಕ್ಕ ನೋಂದಣಿಯ ಕಟ್ಟುಪಾಡು ಇಲ್ಲ, ಪಕ್ಕದ ಊರಿನಲ್ಲೂ ವಿಚಾರಿಸಬಹುದು. ಸ್ಕಾಟ್ಲೆಂಡ್‌ನಲ್ಲಿರುವವರಿಗೆ ಎನ್‌ಎಚ್‌ಎಸ್ ದಂತ ತಪಾಸಣೆ 2006ರಿಂದ ಉಚಿತ. ಎಲ್ಲೂ ಸಿಗದಿದ್ದರೆ ಒಂದು ಸಲ ಖಾಸಗಿ ಡೆಂಟಿಸ್ಟ್‌ಗೆ ಹಣ ಕೊಟ್ಟಾದರೂ ತೋರಿಸಿ. ಅನುಮಾನ ಬಂದರೆ ಅವರೂ ಎನ್‌ಎಚ್‌ಎಸ್ ಆಸ್ಪತ್ರೆಗೇ ತುರ್ತಾಗಿ ಕಳಿಸಬಲ್ಲರು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಊರಿನಿಂದ ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರ ವಿಷಯ. ಅವರೂ ಜಿಪಿಯನ್ನು ಕಾಣಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಪ್ರವಾಸಿ ವೀಸಾದವರಿಗೆ ಆಸ್ಪತ್ರೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಪಟ್ಟು ದರ. ಆದ್ದರಿಂದ ಹೊರಡುವ ಮೊದಲೇ ಅಲ್ಲಿ ಒಮ್ಮೆ ಬಾಯಿ ತೋರಿಸಿಕೊಂಡು ಬರಲು ಹೇಳಿ. ಬಿಪಿ, ಶುಗರ್ ನೋಡಿಸುತ್ತೇವಲ್ಲ, ಅದರ ಜೊತೆಗೆ ಇದೂ ಒಂದು.

ಕಡೆಯದಾಗಿ ನಮ್ಮ ಸಂಘಗಳಿಗೆ ಒಂದು ಸಲಹೆ. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಬ್ರಿಟನ್ನಿನಲ್ಲಿ ಅದೇ ತಿಂಗಳು ಬಾಯಿ ಕ್ಯಾನ್ಸರ್ ಜಾಗೃತಿಯ ತಿಂಗಳು. ಬಳಗದ ದಂತವೈದ್ಯರಲ್ಲಿ ಒಬ್ಬಿಬ್ಬರು ಒಪ್ಪಿದರೆ, ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಟಾರ್ಚ್, ಕೈಗವಸು, ಒಂದಷ್ಟು ಸಲಕರಣೆ ಇಟ್ಟುಕೊಂಡು ಆಸಕ್ತರ ಬಾಯಿ ನೋಡಲು ಸಾಧ್ಯವಿಲ್ಲವೇ? ಊಟದ ಕಡೆಯಲ್ಲಿ ಕೊಡುವ ಬೀಡಾದಲ್ಲಿ ಅಡಿಕೆ ಬಿಟ್ಟು ಗುಲ್ಕಂದು, ಸೋಂಪು, ಕೊಬ್ಬರಿ ಇಟ್ಟರೆ ಸಂಸ್ಕೃತಿಗೇನೂ ಕುಂದಿಲ್ಲ. ಪೂಜೆಯ ತಾಂಬೂಲ ತಟ್ಟೆಯಲ್ಲಿ ಅಡಿಕೆ ಇರಲಿ, ಬಾಯಿಗೆ ಬೇಡ.

ವೈದ್ಯರು ಕೇಳಲಿಲ್ಲ ಎಂಬ ಬೇಸರ ನಿಜವಾದದ್ದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬೇಸರದಲ್ಲಿ ಮನೆಗೆ ಬಂದು ಸುಮ್ಮನೆ ಕೂತರೆ ಸೋಲುವುದು ನಾವೇ. ಮೂರು ವಾರ ದಾಟಿತೇ? ಮತ್ತೆ ಹೋಗಿ. ಕಳಿಸಿಬಿಟ್ಟರೇ? ಇನ್ನೊಮ್ಮೆ ಹೋಗಿ. ನಿಮ್ಮೂರಿನಲ್ಲಿ ಎನ್‌ಎಚ್‌ಎಸ್ ರೋಗಿಗಳನ್ನು ಸೇರಿಸಿಕೊಳ್ಳುತ್ತಿರುವ ಡೆಂಟಿಸ್ಟ್ ಇದ್ದರೆ ನಮಗೊಂದು ಸಾಲು ಬರೆದು ತಿಳಿಸಿ, ಬೇರೆಯವರಿಗೂ ಅನುಕೂಲವಾಗಲಿ.